ಬಂದೂಕಿನ ಕುದುರೆಯನ್ನು ಕುದುರೆಯಾಗಿಯೇ ಉಳಿಸಿಕೊಡಲು ಕೋರಿ

ಪ್ರಾಚೀನ ಬಂದೂಕುಗಳ ಪರವಾನಗಿ ಮತ್ತು ನೋಂದಣಿ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಕುಟುಂಬದವರೂ, ತಮ್ಮ ಮೇಜಿನ ಮೇಲೆ ಕಡತಗಳು ಹಾರಿಹೋಗದಂತೆ ಕಾಯುತ್ತಿರುವ ಆ ಗಾಜಿನ ಗುಂಡೂ ಕ್ಷೇಮವೆಂದು ನಂಬಿ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಇದನ್ನೂ ಖಾಸಗಿಯಾಗಿಯೇ ಬರೆಯುವ ಮನಸ್ಸಿತ್ತು. ಆದರೆ ನಾನು ಈ ಹಿಂದೆ ಖಾಸಗಿಯಾಗಿ ಬರೆದ ಪತ್ರಗಳು ತಮ್ಮ ಕಚೇರಿಯಲ್ಲಿ ಎಷ್ಟು ಖಾಸಗಿಯಾಗಿ ಉಳಿದವೆಂದರೆ, ಅವು ಬಂದ ವಿಷಯ ತಮಗೇ ಗೊತ್ತಾಗಲಿಲ್ಲವೆಂದು ಕೇಳಿ ಗೌರವ ಇಮ್ಮಡಿಸಿತು. ಆದ್ದರಿಂದ ಈ ಬಾರಿ ನಾಲ್ಕು ಜನ ಓದುವಂತೆ ಪತ್ರಿಕೆಗೇ ಕೊಟ್ಟಿದ್ದೇನೆ. ಅನ್ಯಥಾ ಭಾವಿಸಬಾರದು.

ಮೊದಲು ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ರೈಲು ನಿಲ್ದಾಣದ ಎದುರಿನ ಓಣಿಯಲ್ಲಿ ನನ್ನ ಸೋದರತ್ತೆ ನಡೆಸುತ್ತಿರುವ ಫೋಟೋ ಸ್ಟುಡಿಯೋದಲ್ಲಿ ನಾನು ಫೋಟೋ ತಿದ್ದುವ ಕೆಲಸದವನು. ಮೊಡವೆ ಅಳಿಸುವುದು, ಗಲ್ಲದ ಕೆಳಗೆ ಹುಟ್ಟಿಕೊಂಡ ಇನ್ನೊಂದು ಗಲ್ಲವನ್ನು ಸದ್ದಿಲ್ಲದೆ ತೆಗೆದುಹಾಕುವುದು, ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಫೋಟೋದಲ್ಲಿ ನಿಂತಾಗ ಅವರ ನಡುವಿನ ಜಾಗವನ್ನು ಕಿರಿದು ಮಾಡುವುದು, ಇವೇ ನನ್ನ ಅನ್ನ. ಈ ಪತ್ರದಲ್ಲಿ ತಮ್ಮ ಕಚೇರಿ ಎಲ್ಲಾದರೂ ಇದ್ದುದಕ್ಕಿಂತ ಚೆನ್ನಾಗಿ ಕಂಡುಬಂದರೆ ಅದು ಕೈಗೆ ಹತ್ತಿದ ಅಭ್ಯಾಸವೆಂದು ದಯವಿಟ್ಟು ಕ್ಷಮಿಸಬೇಕು.

ನಮ್ಮ ಸ್ಟುಡಿಯೋದ ಗೋಡೆಯ ಮೇಲೆ ಒಂದು ಬಂದೂಕಿದೆ. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಸಲಾಕೆಯಿಂದ ಜಡಿದು, ಆಮೇಲೆ ಹೊಡೆಯುತ್ತಿದ್ದ ಕಾಲದ್ದು. ಶತ್ರು ಅಷ್ಟು ಹೊತ್ತು ಕಾಯುತ್ತಿದ್ದ ಸಜ್ಜನಿಕೆಯ ಕಾಲ ಅದಿರಬೇಕು. ನನ್ನಜ್ಜ ಯಾವುದೋ ಹರಾಜಿನಲ್ಲಿ ಗಿರಾಕಿಗಳನ್ನು ಕೂರಿಸಲು ಒಂದು ಒಳ್ಳೆಯ ಕುರ್ಚಿ ಕೊಳ್ಳಲು ಹೋಗಿ, ಕುರ್ಚಿ ಕೈತಪ್ಪಿದ ಸಿಟ್ಟಿಗೆ ಇದನ್ನು ಹೊತ್ತು ತಂದರಂತೆ. ತರುವಾಗಲೇ ಯಾರೋ ಪುಣ್ಯಾತ್ಮರು ನಳಿಗೆಯೊಳಗೆ ಸೀಸ ಕರಗಿಸಿ ಸುರಿದು ಅದರ ಬಾಯಿ ಕಟ್ಟಿದ್ದರು. ಅಂದಿನಿಂದ ಅದರ ಕೆಲಸ ಒಂದೇ, ಫೋಟೋಗೆ ನಿಂತವರ ಕೈಯಲ್ಲಿ ಇರುವುದು. ಹಲ್ಲಿ ಕಂಡರೆ ಕುರ್ಚಿ ಹತ್ತುವ ದಿನಸಿ ಅಂಗಡಿಯ ಯಜಮಾನರು, ಹೆಂಡತಿಯ ಮುಂದೆ ಜೋರಾಗಿ ಸೀನಲೂ ಹಿಂಜರಿಯುವ ಪೋಸ್ಟ್ ಮಾಸ್ತರರು, ಎಲ್ಲರೂ ನಮ್ಮ ಸ್ಟುಡಿಯೋದ ಕೋಟು ತೊಟ್ಟು ಇದನ್ನು ಹಿಡಿದು ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಾರೆ. ಈ ಊರಿನ ಎಷ್ಟೋ ಮನೆಗಳ ನಡುಕೋಣೆಯ ಶೌರ್ಯವೆಲ್ಲ ಇದೊಂದೇ ಬಂದೂಕಿನದು. ಜೇಬುಜೇಬಿನಲ್ಲೂ ಕ್ಯಾಮೆರಾ ಬಂದಿರುವ ಈ ದಿನಗಳಲ್ಲಿ ಜನ ನಮ್ಮ ಮೆಟ್ಟಿಲು ಹತ್ತುವುದೂ ಅದಕ್ಕಾಗಿಯೇ.

ಹೀಗಿರಲು ತಮ್ಮ ಹೊಸ ನಿಯಮಾವಳಿ ಬಂತು. ಹಳೆಯ ನಿಯಮದಲ್ಲಿ, ಸಿಡಿಯದ ಪುರಾತನ ಬಂದೂಕಿಗೆ ಪರವಾನಗಿ ಬೇಕಿರಲಿಲ್ಲ. ಇದರಿಂದ ನಾಗರಿಕರು ಕಚೇರಿಯ ಮುಖ ನೋಡದೆಯೇ ಸತ್ತುಹೋಗುವ ಅಪಾಯವಿತ್ತು. ಹೊಸ ನಿಯಮದಲ್ಲಿಯೂ ಪರವಾನಗಿ ಬೇಕಿಲ್ಲ, ಆದರೆ ಬೇಕಿಲ್ಲವೆಂಬುದನ್ನು ನೋಂದಾಯಿಸಿಕೊಳ್ಳಬೇಕು, ನೋಂದಣಿಗೆ ಪರವಾನಗಿಗೆ ಕೇಳುವ ಅಷ್ಟೂ ದಾಖಲೆ ಕೊಡಬೇಕು. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಕಂಡುಹಿಡಿದ ತಲೆ ಯಾವುದೋ, ಅದರ ಒಂದು ಫೋಟೋ ತೆಗೆದುಕೊಡುವ ಭಾಗ್ಯ ನಮಗೆ ಸಿಗಲೆಂದು ಹಾರೈಸುತ್ತೇನೆ. ತಿದ್ದುವ ಅಗತ್ಯವೇ ಬೀಳಲಾರದು.

ಅರ್ಜಿಯ ಮೊದಲ ಪುಟದಲ್ಲಿಯೇ, ವಿವರಗಳನ್ನೆಲ್ಲ ಶುದ್ಧ ಭಾಷೆಯಲ್ಲಿ, ಪರಭಾಷೆಯ ಒಂದು ಪದವೂ ನುಸುಳದಂತೆ ತುಂಬತಕ್ಕದ್ದು, ತಪ್ಪಿದಲ್ಲಿ ತಿರಸ್ಕರಿಸಲಾಗುವುದು ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ತಮ್ಮ ಭಾಷಾಭಿಮಾನಕ್ಕೆ ನನ್ನ ಕಣ್ಣು ತುಂಬಿ ಬಂತು. ಕೊನೆಯ ಪುಟ ಭಾಗಗಳದ್ದು. ಪ್ರತಿ ಭಾಗದ ಹೆಸರು, ಸಂಖ್ಯೆ, ಸ್ಥಿತಿ ಬರೆಯಬೇಕು. ಮದ್ದಿಗೆ ಕಿಡಿ ತಾಗಿಸಲು ಮೇಲೆದ್ದು ಬಡಿಯುವ ಆ ಕೊಕ್ಕಿನಂಥ ಭಾಗವಿದೆಯಲ್ಲ, ಅದಕ್ಕೆ ಏನೆನ್ನಬೇಕೆಂದು ನನಗೆ ತಿಳಿಯದೆ, ಊರಿನಲ್ಲಿ ಉಳಿದಿರುವ ಒಬ್ಬರೇ ಒಬ್ಬ ಬಂದೂಕು ರಿಪೇರಿಯವರ ಬಳಿ ಹೋದೆ. ಈಗ ಅವರು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಅವರು ಸೂಜಿಯಿಂದ ತಲೆಯೆತ್ತದೆಯೇ, "ಕುದುರೆ ಅಂತ ಬರೀರಿ. ನಮ್ಮಪ್ಪ, ಅವರಪ್ಪ ಎಲ್ಲ ಕುದುರೆ ಅಂತಾನೇ ಅಂತಿದ್ದಿದ್ದು. ಅದಕ್ಕಿಂತ ಶುದ್ಧ ಬೇಕು ಅಂದ್ರೆ ಆಫೀಸಿನೋರೇ ಹುಡುಕ್ಕೊಳ್ಳಲಿ" ಎಂದರು.

ನಾನು ಮನೆಗೆ ಬಂದು ಶ್ರದ್ಧೆಯಿಂದ ಹೀಗೆ ಬರೆದೆ: "ಕುದುರೆ ಒಂದು. ಬಹಳ ವಯಸ್ಸಾದದ್ದು. ಬಿದ್ದಲ್ಲೇ ಬಿದ್ದಿದೆ, ಎಷ್ಟು ಪ್ರಯತ್ನಪಟ್ಟರೂ ಏಳುವುದಿಲ್ಲ. ಬಾಯಿಯ ಮೂಲಕ ಮದ್ದು ಹಾಕಬೇಕಾದ ಜಾತಿ. ಆದರೆ ನಮ್ಮ ಮನೆಯಲ್ಲಿ ಯಾರೂ ಇದುವರೆಗೆ ಮದ್ದು ಹಾಕಿಲ್ಲ." ಮಾನ್ಯರೇ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇಷ್ಟು ಸತ್ಯ ಬರೆದರೆ ಏನಾಗಬಹುದೆಂದು ನಾನು ಆಗ ಯೋಚಿಸಲಿಲ್ಲ.

ತಮ್ಮ ಸಿಬ್ಬಂದಿಯ ದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಅವರು ಅರ್ಜಿಯ ಹೊಲಿಗೆ ಬಿಚ್ಚಿ, ಪುಟಪುಟವನ್ನೂ ಬೇರೆ ಮಾಡಿ, ಯಾವ ಪುಟ ಯಾವ ಇಲಾಖೆಗೆ ಸಲ್ಲಬೇಕೋ ಅಲ್ಲಿಗೆ ಕಳುಹಿಸಿದರು. ಭಾಗಗಳ ಪುಟ ಪಶುವೈದ್ಯ ಇಲಾಖೆಗೆ ಹೋಯಿತು. ಎದ್ದು ನಿಲ್ಲಲಾಗದ ಮುದಿ ಪ್ರಾಣಿಗೆ ಮದ್ದು ಹಾಕಿಸದ ಮನೆಯವರ ಮೇಲೆ ಕ್ರಮ ಕೈಗೊಳ್ಳಬಾರದೇಕೆಂದು ಕೇಳಿ ನಮಗೊಂದು ನೋಟೀಸು ಬಂತು. ಅದರ ಬೆನ್ನಿಗೇ ದನದ ಡಾಕ್ಟರೂ ಬಂದರು.

ಅವರ ಸಿದ್ಧತೆಯನ್ನು ತಾವು ನೋಡಬೇಕಿತ್ತು. ಮೊಣಕೈ ದಾಟುವ ರಬ್ಬರ್ ಕೈಗವಸು, ಸೈಕಲ್ ಪಂಪಿನಷ್ಟು ದಪ್ಪದ ಸಿರಿಂಜು, ಬಿದ್ದ ಪ್ರಾಣಿಯನ್ನು ಎತ್ತಲು ಹಗ್ಗದ ಸುರುಳಿ, ಹಗ್ಗ ಹಿಡಿಯಲು ದಾಂಡಿಗರಾದ ಇಬ್ಬರು. ಅತ್ತೆ ಅವರನ್ನು ಫೋಟೋಗೆ ಬಂದವರೆಂದೇ ತಿಳಿದು, "ಹಗ್ಗ ಹೊರಗಿಟ್ಟು ಬನ್ರಪ್ಪ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ" ಎಂದು ಕೋಟು ತೆಗೆದುಕೊಟ್ಟರು. ಕುದುರೆ ಎಲ್ಲಿದೆಯೆಂದು ಡಾಕ್ಟರು ಕೇಳಿದಾಗ, ಹೊಸ ನಿಯಮದ ಗಲಾಟೆ ತಲೆಯಲ್ಲಿದ್ದ ಅತ್ತೆ ಗೋಡೆಯ ಕಡೆಗೆ ಬೊಟ್ಟು ಮಾಡಿ, "ಅಲ್ಲೇ ಇದೆಯಲ್ಲ ಸ್ವಾಮಿ, ಕಣ್ಣಿಗೆ ಬೀಳಲ್ವಾ? ಬೇಕಾದ್ರೆ ಎಳೆದು ನೋಡಿ, ಏಳಲ್ಲ ಅದು" ಎಂದರು. ಡಾಕ್ಟರು ಗೋಡೆಯನ್ನು ನೋಡಿದರು, ಬೆಟ್ಟ ಮತ್ತು ಸರೋವರ ಬಿಡಿಸಿದ ನಮ್ಮ ಪರದೆಯ ಹಿಂದೆ ಇಣುಕಿದರು, ಮತ್ತೆ ಗೋಡೆಯನ್ನು ನೋಡಿದರು. ಆಮೇಲೆ ಕೈಗವಸು ಬಿಚ್ಚಿಟ್ಟು ಕುರ್ಚಿಯ ಮೇಲೆ ಕೂತು ಒಂದು ಲೋಟ ನೀರು ಕೇಳಿದರು.

ಅವರು ಬಹಳ ಒಳ್ಳೆಯ ಮನುಷ್ಯ. ನಡೆದ ಪ್ರಮಾದವನ್ನು ನಾನು ಬಿಡಿಸಿ ಹೇಳಿದ ಮೇಲೆ ನಗಲಿಲ್ಲ, ಬೈಯಲೂ ಇಲ್ಲ. ತಮ್ಮ ಇಲಾಖೆಯ ನಮೂನೆಯನ್ನು ತೊಡೆಯ ಮೇಲೆ ಹರಡಿಕೊಂಡು, "ಕುದುರೆ ಇಲ್ಲ ಅಂತ ಬರೆಯೋಕೆ ಇದ್ರಲ್ಲಿ ಜಾಗಾನೇ ಕೊಟ್ಟಿಲ್ಲ ನೋಡಿ. ಹೇಗಿದೆ ಅಂತ ಮಾತ್ರ ಕೇಳಿದಾರೆ. ಬರೀದೆ ವಾಪಸ್ ಹೋದ್ರೆ ನಾನು ಬಂದೇ ಇಲ್ಲ ಅಂತಾಗತ್ತೆ" ಎಂದು ನಿಟ್ಟುಸಿರು ಬಿಟ್ಟು ಬರೆಯತೊಡಗಿದರು. ಮೇವು ಮುಟ್ಟುವುದಿಲ್ಲ. ಲದ್ದಿ ಹಾಕುವುದಿಲ್ಲ. ಕರೆದರೆ ಓಗೊಡುವುದಿಲ್ಲ. ಮೈ ನುಣುಪಾಗಿದೆ, ದಿನಾ ಒರೆಸುತ್ತಿರುವುದು ಎದ್ದು ಕಾಣುತ್ತದೆ. ಈ ವಯಸ್ಸಿನಲ್ಲಿ ಮದ್ದು ಹಾಕಿದರೆ ಪ್ರಾಣಾಪಾಯ. ಕೆಳಗೆ ಅಭಿಪ್ರಾಯದ ಜಾಗದಲ್ಲಿ, ಪ್ರಾಣಿಯನ್ನು ಇದ್ದಲ್ಲಿಂದ ಕದಲಿಸಬಾರದು, ಅದರಿಂದ ಕೆಲಸ ಮಾಡಿಸಬಾರದು, ಈಗಿನ ಪೋಷಕರ ಬಳಿಯೇ ನೆರಳಿನಲ್ಲಿ ಕೊನೆಯವರೆಗೂ ಇರತಕ್ಕದ್ದು ಎಂದು ಬರೆದು ಮೊಹರು ಒತ್ತಿದರು.

ಮಾನ್ಯರೇ, ಇಷ್ಟಾದರೂ ನಾನು ಪ್ರಾಮಾಣಿಕನಾಗಿ, ತಪ್ಪನ್ನು ಸರಿಪಡಿಸಿಕೊಳ್ಳಲು ತಮ್ಮ ಕಚೇರಿಗೆ ಓಡಿ ಬಂದೆನೆಂಬುದನ್ನು ದಯವಿಟ್ಟು ಗಮನಿಸಬೇಕು. ತಮ್ಮ ಕಿಟಕಿಯಲ್ಲಿ ಕೂರುವ, ಊರೆಲ್ಲ ಪ್ರೀತಿಯಿಂದ ನಾಳೆರಾಯರೆಂದು ಕರೆಯುವ ಗುಮಾಸ್ತೆಯವರು ಅಂದು ಆಶ್ಚರ್ಯಕರವಾಗಿ ಅಂದೇ ಮಾತಾಡಿದರು. "ಕುದುರೆ ಅಂತ ಬರೆದಿದ್ದು ನೀವೇ ತಾನೆ? ಸಹಿ ನಿಮ್ಮದೇ ತಾನೆ? ಡಾಕ್ಟ್ರು ಬೇರೆ ನೋಡಿ ಹೌದು ಅಂದಿದಾರೆ. ಈಗ ಬಂದು ಅದು ಕುದುರೆ ಅಲ್ಲ ಅಂದ್ರೆ ಸರ್ಕಾರಕ್ಕೆ ಸುಳ್ಳು ಮಾಹಿತಿ ಕೊಟ್ಟ ಕೇಸಾಗತ್ತೆ" ಎಂದು ನನ್ನ ಮೇಲಿನ ಕಾಳಜಿಯಿಂದ ಎಚ್ಚರಿಸಿದರು. ಕುದುರೆ ಸತ್ತಿದೆಯೆಂದು ಪ್ರಮಾಣಪತ್ರ ತಂದರೆ ಕಡತ ಮುಚ್ಚಬಹುದೆಂಬ ಉಪಾಯವನ್ನೂ ಹೇಳಿದರು. ಅದಕ್ಕೆ ಡಾಕ್ಟರು ಒಪ್ಪಲಿಲ್ಲ. ಕೊಳೆಯದಿದ್ದುದನ್ನು ಸತ್ತಿದೆ ಎಂದು ಬರೆಯಲು ತಮ್ಮ ಓದು ಬಿಡುವುದಿಲ್ಲವಂತೆ.

ಇತ್ತ ಕುದುರೆಗೆ ಇಷ್ಟೆಲ್ಲ ಉಪಚಾರ ನಡೆಯುತ್ತಿದ್ದಾಗ, ಅತ್ತ ತಮ್ಮಿಂದ ಇನ್ನೊಂದು ನೋಟೀಸು ಬಂತು. ಭಾಗಗಳ ವಿವರದ ಪುಟ ಲಗತ್ತಿಸದ ಕಾರಣ ಬಂದೂಕಿನ ಅರ್ಜಿ ತಿರಸ್ಕೃತವಾಗಿದೆಯೆಂದೂ, ನೋಂದಣಿಯಿಲ್ಲದ ಆಯುಧವನ್ನು ಬರುವ ಸೋಮವಾರ ಸಿಬ್ಬಂದಿ ಬಂದು ವಶಪಡಿಸಿಕೊಂಡು, ಮೂರು ತುಂಡು ಮಾಡಿ, ಕರಗಿಸಲು ಕಳುಹಿಸುವರೆಂದೂ ಅದರಲ್ಲಿತ್ತು. ಆ ಪುಟವನ್ನು ಕಿತ್ತು ಕಳುಹಿಸಿದ ವಿಭಾಗವೂ ಅದು ಬಂದಿಲ್ಲವೆಂದು ಬರೆದ ವಿಭಾಗವೂ ತಮ್ಮ ಒಂದೇ ಸೂರಿನಡಿಯಿರುವುದರಿಂದ, ಪರಸ್ಪರ ಮುಜುಗರವಾಗದಂತೆ ತಾವು ನಡೆದುಕೊಂಡ ರೀತಿ ನಮ್ಮ ಮಾತು ಬಿಟ್ಟ ಅಣ್ಣತಮ್ಮಂದಿರಿಗೂ ಪಾಠವಾಗುವಂಥದು.

ಇಲ್ಲಿಯವರೆಗೆ ನಾನು ಬರೆದದ್ದನ್ನು ಓದಿ ತಾವು ನಕ್ಕಿರಬಹುದು, ಅದು ನನ್ನ ಸಂತೋಷ. ಇನ್ನು ಬರೆಯುವುದನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನಮ್ಮ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ, ಬೀದಿಗೆ ಮುಖ ಮಾಡಿ ಒಂದು ಹಳೆಯ ಫೋಟೋ ಇದೆ. ಅದರಲ್ಲಿ ಆ ಬಂದೂಕನ್ನು ಹಿಡಿದು ನಿಂತಿರುವವಳು ಒಬ್ಬ ಹುಡುಗಿ. ಅವಳೇ ನನ್ನ ಅತ್ತೆ. ಅಜ್ಜ ಹೊಸದೊಂದು ಲೆನ್ಸು ತಂದಿದ್ದರು, ಅಂದು ಗಿರಾಕಿಗಳು ಯಾರೂ ಬಂದಿರಲಿಲ್ಲ, ಒಲೆಯ ಮೇಲೆ ಹಾಲಿಟ್ಟು ಬಂದವಳನ್ನು ಎಳೆದು ನಿಲ್ಲಿಸಿ ಕೈಗೆ ಬಂದೂಕು ಕೊಟ್ಟರಂತೆ. ಹಾಲು ಉಕ್ಕಿ ಹೋಯಿತು, ಫೋಟೋ ಮಾತ್ರ ಅಜ್ಜನ ಜೀವಮಾನದ ಅತ್ಯುತ್ತಮ ಫೋಟೋ ಆಯಿತು. ನಕ್ಕಿಲ್ಲ, ಗಂಡಸರಂತೆ ಕಣ್ಣು ಕೆಂಪಗೆ ಮಾಡಿಕೊಂಡೂ ಇಲ್ಲ. ಸುಮ್ಮನೆ ನೇರವಾಗಿ ನೋಡುತ್ತಿದ್ದಾಳೆ, ಅಷ್ಟೇ. ಆಗ ಅವಳಿಗೊಂದು ಸಂಬಂಧ ಗೊತ್ತಾಗಿತ್ತು. ಹುಡುಗನ ಚಿಕ್ಕಪ್ಪ ಬೀದಿಯಲ್ಲಿ ಹೋಗುತ್ತ ಕಪಾಟಿನಲ್ಲಿ ಈ ಫೋಟೋ ಕಂಡು ಒಳಗೆ ಬಂದು, "ಬಂದೂಕು ಹಿಡಿದೋಳು ನಾಳೆ ಸೌಟು ಹಿಡೀತಾಳಾ? ಇದನ್ನ ತೆಗೀರಿ, ಇಲ್ಲ ಸಂಬಂಧ ಬಿಡಿ" ಎಂದನಂತೆ. ಅಜ್ಜ ಎದ್ದು ಕಪಾಟಿನ ಬಾಗಿಲಿಗೆ ಕೈ ಹಾಕಿದರು. ಅತ್ತೆ ಅಡ್ಡ ಬಂದು, "ಇರ್ಲಿ ಬಿಡಪ್ಪ. ಫೋಟೋ ಚೆನ್ನಾಗಿದೆ" ಎಂದಳು.

ಸಂಬಂಧ ಮುರಿಯಿತು, ಅತ್ತೆಗೆ ಆಮೇಲೆ ಮದುವೆಯೇ ಆಗಲಿಲ್ಲ. ಅಜ್ಜನ ನಂತರ ಸ್ಟುಡಿಯೋ ಅವರ ಕೈಗೆ ಬಂತು. ಬಂದವರ ಕಾಲರು ಸರಿಮಾಡಿ, ಗಲ್ಲ ಎತ್ತಿ, ಬಂದೂಕನ್ನು ಕೈಗಿತ್ತು, "ಹೆದರ್ಬೇಡಿ, ಅದೇನೂ ಮಾಡಲ್ಲ" ಎಂದು ಹೇಳುತ್ತಲೇ ಅವರ ಕೂದಲು ಬೆಳ್ಳಗಾಯಿತು. ತಂದೆತಾಯಿ ಇಲ್ಲದ ನನ್ನನ್ನು ಸಾಕಿದವರೂ ಅವರೇ. ಆ ಸಂಬಂಧ ತಪ್ಪಿದ್ದಕ್ಕೆ ಅವರು ಮರುಗಿದ್ದನ್ನು ನಾನೆಂದೂ ಕಂಡಿಲ್ಲ. ಆದರೆ ತಮ್ಮ ನೋಟೀಸು ಓದಿದ ದಿನ ಅವರು ಬಂದೂಕನ್ನು ಗೋಡೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ನನ್ನನ್ನು ಕರೆದು, "ಇದನ್ನ ತುಂಡು ಮಾಡಿದ ಮೇಲೆ ಅಂಗಡಿ ಬಾಗಿಲು ತೆಗೆಯೋದು ಬೇಡ ಕಣೋ. ಆ ಫೋಟೋನೂ ತೆಗೆದುಬಿಡು. ಆವತ್ತು ಅವನು ಹೇಳಿದ ಹಾಗೇ ಆಯ್ತು ಅಂದ್ಕೊಳ್ಳೋಣ" ಎಂದರು. ಅವರು ಸೋತ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆವತ್ತು ಆ ಚಿಕ್ಕಪ್ಪನಿಂದ ಆಗದ ಕೆಲಸವನ್ನು ತಮ್ಮ ಕಚೇರಿ ಒಂದು ಹಾಳೆಯಲ್ಲಿ ಮಾಡಿ ಮುಗಿಸಿತಲ್ಲ ಎಂದು ನನಗೆ ಸಿಟ್ಟು ಬಂತು. ಬರೆಯುವ ಪತ್ರದಲ್ಲಿ ಸಿಟ್ಟು ಇರಬಾರದೆಂದು ಅದನ್ನು ಇಲ್ಲಿ ತಿದ್ದಿದ್ದೇನೆ.

ಆಗಲೇ ನನಗೆ ತಮ್ಮ ಆಡಳಿತದ ನಿಜವಾದ ಹಿರಿಮೆ ಹೊಳೆದದ್ದು. ಬಂದೂಕೆಂದು ತಿಳಿದರೆ ಕತ್ತರಿಸುವ ತಮ್ಮ ಸರ್ಕಾರ, ಕುದುರೆಯೆಂದು ತಿಳಿದ ಕೂಡಲೇ ಎಂಥ ಕರುಣೆ ತೋರಿತು! ವಯಸ್ಸಾದದ್ದಕ್ಕೆ ನೆರಳು ಕೊಟ್ಟಿತು, ದುಡಿಸಬೇಡಿ ಎಂದಿತು, ಸಾಕಿದವರಿಂದ ಅಗಲಿಸಬೇಡಿ ಎಂದಿತು. ಆದ್ದರಿಂದ ಈ ತಪ್ಪನ್ನು ತಿದ್ದಿರೆಂದು ನಾನು ಹಿಂದೆ ಖಾಸಗಿಯಾಗಿ ಬರೆದ ಪತ್ರಗಳನ್ನೆಲ್ಲ ಹಿಂತೆಗೆದುಕೊಂಡು, ಈ ಕೆಳಗಿನಂತೆ ಪ್ರಾರ್ಥಿಸುತ್ತಿದ್ದೇನೆ. ತಾವು ದಯಮಾಡಿ ಈ ತಪ್ಪನ್ನು ಸರಿಪಡಿಸಬಾರದು. ನಮ್ಮ ಕುದುರೆ ಕುದುರೆಯಾಗಿಯೇ ಇರಲಿ. ಅದಕ್ಕೆ ಅಂಟಿಕೊಂಡಿರುವ ನಳಿಗೆ, ಮರದ ಹಿಡಿ, ಸಲಾಕೆ ಮುಂತಾದವನ್ನು ಜೀನು, ಲಗಾಮು, ರಿಕಾಪುಗಳೆಂದು ಪರಿಗಣಿಸಿ ಅದೇ ಕಡತಕ್ಕೆ ಸೇರಿಸಿಕೊಳ್ಳಬೇಕು. ನಿಯಮ ಅಡ್ಡಬಂದರೆ, ಬಂದೂಕನ್ನು ಕುದುರೆಯ ಬಾಲವೆಂದು ಬರೆದರೂ ನಮ್ಮ ಅಭ್ಯಂತರವಿಲ್ಲ. ಅದೂ ಆಗದಿದ್ದರೆ ಅತ್ತೆಯ ಹೆಸರನ್ನೇ ಪ್ರಾಚೀನ ಆಯುಧವೆಂದು ನೋಂದಾಯಿಸಿಕೊಂಡು, ಸಿಡಿಯುವುದಿಲ್ಲವೆಂದು ತಾವೇ ಬಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡಬಹುದು. ಆ ಪರೀಕ್ಷೆಯ ಪರಿಣಾಮಕ್ಕೆ ಮಾತ್ರ ನಾನು ಹೊಣೆಯಲ್ಲ.

ಬೇಸಗೆಯಲ್ಲಿ ಕುದುರೆಗೆಂದು ಪಶುವೈದ್ಯ ಇಲಾಖೆ ಹುಲ್ಲಿನ ಹೊರೆ ಮಂಜೂರು ಮಾಡಿದೆಯೆಂದು ತಿಳಿದುಬಂದಿದೆ. ಪ್ರಾಣಿ ತಿನ್ನುವುದಿಲ್ಲವಾದ್ದರಿಂದ ಅದನ್ನು ತಮ್ಮ ಕಚೇರಿಗೇ ಕಳುಹಿಸಲು ನಾನು ಕೋರಿದ್ದೇನೆ, ಅಲ್ಲಿ ಯಾರಿಗಾದರೂ ಉಪಯೋಗವಾದೀತು.

ಸೋಮವಾರ ತಮ್ಮ ಸಿಬ್ಬಂದಿ ಬರುವ ದಾರಿಯನ್ನೂ ತಮ್ಮ ಉತ್ತರ ಬರದಿರುವ ದಾರಿಯನ್ನೂ ಸಮಾನ ಆದರದಿಂದ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಸ್ಟುಡಿಯೋದ ತಿದ್ದುವವನು,
ಕುದುರೆಯ ಉಪಪೋಷಕ

ಬರೆದು ಮುಗಿಸಿದ ಮೇಲೆ ಸೇರಿಸಿದ್ದು: ನಿನ್ನೆ ಪಶುವೈದ್ಯ ಇಲಾಖೆಯ ಒಬ್ಬರು ಬಂದು, ರಕ್ಷಿತ ಪ್ರಾಣಿಗಳಿಗೆ ಕಟ್ಟುವ ತಗಡಿನ ಬಿಲ್ಲೆಯೊಂದನ್ನು ನಮ್ಮ ಕುದುರೆಗೆ ಕಟ್ಟಿ ಹೋದರು. ಕಟ್ಟುವ ಮುನ್ನ, ಗಂಡೋ ಹೆಣ್ಣೋ ಎಂದು ಕೇಳಿದರು. ಒಳಗಿನಿಂದ ಅತ್ತೆ, "ಹೆಣ್ಣು ಅಂತ ಬರ್ಕೊಳ್ಳಪ್ಪ. ವಯಸ್ಸಾಗಿದೆ, ಆದ್ರೆ ಇದುವರೆಗೂ ಯಾರಿಗೂ ಬಗ್ಗಿಲ್ಲ" ಎಂದರು, ಅವರು ಹಾಗೆಯೇ ಬರೆದುಕೊಂಡರು. ಈ ಪ್ರಾಣಿಯನ್ನು ಪಶುವೈದ್ಯರ ಪ್ರಯಾಣಯೋಗ್ಯತಾ ಪತ್ರವಿಲ್ಲದೆ ಸ್ಥಳಾಂತರಿಸುವವರು, ಅವರು ಯಾವುದೇ ಇಲಾಖೆಯವರಾಗಿದ್ದರೂ, ಸೆರೆವಾಸಕ್ಕೆ ಗುರಿಯಾಗುವರೆಂದು ಬಿಲ್ಲೆಯ ಮೇಲೆ ಕೆತ್ತಿದೆ, ಕೆಳಗೆ ತಮ್ಮ ಸರ್ಕಾರದ್ದೇ ಮುದ್ರೆಯಿದೆ. ಡಾಕ್ಟರು ಅಂಥ ಪತ್ರ ಬರೆದುಕೊಡುವುದಿಲ್ಲವೆಂದು ಹೇಳಿದ್ದಾರೆ. ಅಕ್ಷರ ಸಣ್ಣದಾಗಿರುವುದರಿಂದ ಸೋಮವಾರ ಬರುವ ಸಿಬ್ಬಂದಿಗೆ ಮರೆಯದೆ ಕನ್ನಡಕ ಕೊಟ್ಟು ಕಳುಹಿಸಬೇಕಾಗಿ ವಿನಂತಿ.